ಅಲರ್ಜಿ ಇದ್ದೋರ ಮನೆಗೆ ಯಾವ ಜಾತಿ ನಾಯಿ?

ದಸರಾ ರಜೆಗೆ ಊರಿಗೆ ಹೋದಾಗ ಅಪ್ಪ ಮೊಬೈಲ್ ಮುಂದೆ ಹಿಡಿದು, "ಇದನ್ನ ನೋಡು, ಈ ಜಾತಿ ತಗೊಂಡ್ರೆ ತೊಂದ್ರೆ ಇಲ್ವಂತೆ" ಅಂದರು. ಕಣ್ಣು ಮುಚ್ಚೋ ಹಾಗೆ ಕೂದಲು ಬಿಟ್ಟ ಒಂದು ಶಿಟ್ಜು ಮರಿ. ಕೆಳಗೆ ಮಾರುವವನ ಮೆಸೇಜ್: ಕೂದಲು ಉದುರಲ್ಲ, ಹೈಪೋಅಲರ್ಜೆನಿಕ್, ಅಸ್ತಮಾ ಇರೋ ಮಕ್ಕಳಿಗೂ ಸೇಫ್, ಬೆಲೆ 28,000, ಅಡ್ವಾನ್ಸ್ 5,000 ಕಳಿಸಿದ್ರೆ ಬುಕ್. ಗೊಬ್ಬರದ ಅಂಗಡಿಯಲ್ಲಿ 20 ರೂಪಾಯಿಗೆ ಅರ್ಧ ಗಂಟೆ ಚೌಕಾಶಿ ಮಾಡೋ ನಮ್ಮಪ್ಪ ಇಲ್ಲಿ ಚೌಕಾಶಿ ಕೂಡ ಮಾಡಿರಲಿಲ್ಲ. ಅದಕ್ಕೆ ಕಾರಣ ನನ್ನ ತಮ್ಮ.

ಮೊದಲು ಊರಿನ ಬಗ್ಗೆ ಎರಡು ಮಾತು. ನಮ್ಮದು ತುರುವನೂರು, ಚಿತ್ರದುರ್ಗ ತಾಲ್ಲೂಕು. ಹಾಸ್ಟೆಲ್‌ನಲ್ಲಿ ಈ ಹೆಸರು ಕೇಳಿದ ತಕ್ಷಣ "ತುರಿಕೆಯೂರು" ಅಂತ ರೇಗಿಸೋರು ಇದ್ದಾರೆ. ತುರು ಅಂದ್ರೆ ಹಳಗನ್ನಡದಲ್ಲಿ ದನ, ತುರಿಕೆಗೂ ಅದಕ್ಕೂ ಸಂಬಂಧ ಇಲ್ಲ. 1939ರಲ್ಲಿ ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ಅರಣ್ಯ ಸತ್ಯಾಗ್ರಹ ನಡೆದ ಊರದು, ಸ್ವಲ್ಪ ಮರ್ಯಾದೆ ಇರಲಿ. ಆದರೆ ಈ ಲೇಖನ ಪೂರ್ತಿ ತುರಿಕೆ, ಸೀನು, ಉಬ್ಬಸದ ಬಗ್ಗೆಯೇ ಇರೋದ್ರಿಂದ ಈ ಸಲ ನೀವೇ ಗೆದ್ರಿ ಅಂದ್ಕೊಳ್ಳಿ.

ಕಳೆದ ಸಂಕ್ರಾಂತಿ ಮುಗಿದ ವಾರ. ನಾನು ಹಾಸ್ಟೆಲ್‌ನಲ್ಲಿದ್ದೆ. ಎಂಟನೇ ಕ್ಲಾಸಿನ ನನ್ನ ತಮ್ಮ ರಾತ್ರಿ ನಡುಮನೆಯಲ್ಲಿ ನಮ್ಮ ನಾಯಿ ಕರಿಯನ ಪಕ್ಕ, ಒಂದೇ ಚಳ್ಳಕೆರೆ ಕಂಬಳಿ ಹೊದ್ದು ಮಲಗಿದ್ದಾನೆ. ಎರಡು ಗಂಟೆಗೆ ಎದೆಯಲ್ಲಿ ಸೀಟಿ ಊದಿದಂಗೆ ಶಬ್ದ. ಮಾತಾಡೋಕೆ ಆಗ್ತಿಲ್ಲ, ಒಂದು ಪದಕ್ಕೆ ಒಂದು ಉಸಿರು. ಇನ್ಹೇಲರ್ ಖಾಲಿ. ಪಕ್ಕದ ಮನೆಯವರ ಕಾರಲ್ಲಿ ದುರ್ಗಕ್ಕೆ ಕರ್ಕೊಂಡು ಹೋಗಿ, ನೆಬ್ಯುಲೈಸರ್ ಹಾಕಿಸಿ, ಬೆಳಗಾದ ಮೇಲೆ ನನಗೆ ಫೋನ್ ಮಾಡಿದ್ರು. ಮಾರನೇ ದಿನವೇ ಕರಿಯನನ್ನು ಅಜ್ಜನ ಜೊತೆ ಹೊಲದ ಮನೆಗೆ ಕಳಿಸಿದರು. ತಮ್ಮ ಅಪ್ಪನ ಹತ್ತಿರ ಒಂದು ವಾರ ಮಾತಾಡಲಿಲ್ಲ. ಆ ಮೌನ ಅಪ್ಪನಿಗೆ 28,000ಕ್ಕಿಂತ ದುಬಾರಿಯಾಗಿತ್ತು ಅಂತ ಕಾಣುತ್ತೆ.

ಹಾಗಾಗಿ ಪ್ರಶ್ನೆ ಇದು: ಅಲರ್ಜಿ ಮಾಡದ ನಾಯಿ ಜಾತಿ ನಿಜವಾಗಲೂ ಇದೆಯಾ? "ಅಡ್ವಾನ್ಸ್ ಕಳಿಸಬೇಡಿ, ಒಂದು ವಾರ ಟೈಮ್ ಕೊಡಿ" ಅಂತ ಅಪ್ಪನಿಗೆ ಹೇಳಿ ಓದೋಕೆ ಕೂತೆ. ಓದಿದ್ದನ್ನ ಇಲ್ಲಿ ಬರೀತಿದ್ದೀನಿ. ನಮ್ಮ ಕ್ಯಾಂಪಸ್‌ನಲ್ಲೂ ನಾಯಿಗೆ ಬಿಸ್ಕೆಟ್ ಹಾಕಿ ಕ್ಲಾಸಲ್ಲಿ ಬಂದು ಹತ್ತು ಸಲ ಸೀನೋರು ಇದ್ದೀರಿ, ನಿಮಗೂ ಬೇಕಾಗಬಹುದು.

ಮೊದಲ ತಪ್ಪು ತಿಳುವಳಿಕೆ ಕೂದಲಿನದ್ದು. ಅಲರ್ಜಿ ಮಾಡೋದು ಕೂದಲಲ್ಲ, ನಾಯಿಯ ದೇಹ ತಯಾರಿಸುವ ಕೆಲವು ಪ್ರೋಟೀನ್‌ಗಳು. ಅವು ಜೊಲ್ಲಿನಲ್ಲಿ, ಚರ್ಮದಿಂದ ಉದುರುವ ಪುಡಿಯಲ್ಲಿ, ಮೂತ್ರದಲ್ಲಿ ಇರುತ್ತವೆ. ಈ ಪುಡಿಗೆ ಇಂಗ್ಲಿಷ್‌ನಲ್ಲಿ ಡ್ಯಾಂಡರ್ ಅಂತಾರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಕನ್ನಡ ಪದ ಸಿಗದೆ ತಲೆ ಕೆರ್ಕೊಳ್ತಿದ್ದೆ. ಹೊಲದಲ್ಲಿ ಅಜ್ಜನ್ನ ಕೇಳಿದೆ. ಅಜ್ಜ ಕರಿಯನ ಬೆನ್ನನ್ನ ಬಿಸಿಲಿಗೆ ತಿರುಗಿಸಿ ಅಂಗೈಯಲ್ಲಿ ಒಂದು ಏಟು ಹೊಡೆದು, "ಕೂದ್ಲಲ್ಲ ಕಣವ್ವಾ, ಹೊಟ್ಟು. ಹೊಟ್ಟು ಹಾರ್ತೈತೆ ನೋಡು" ಅಂದ. ತಲೆಹೊಟ್ಟು ಅಂತೀವಲ್ಲ, ಅದೇ. ಇನ್ಮೇಲೆ ನಾನೂ ಹೊಟ್ಟು ಅಂತಲೇ ಬರೀತೀನಿ.

ಈ ಪ್ರೋಟೀನ್‌ಗಳಿಗೆ ಹೆಸರಿಡೋ ಪದ್ಧತಿ ಸರಳ. ಪ್ರಾಣಿಯ ವೈಜ್ಞಾನಿಕ ಹೆಸರಿನ ಮೊದಲ ಮೂರು ಅಕ್ಷರ, ಎರಡನೇ ಪದದ ಒಂದು ಅಕ್ಷರ, ಆಮೇಲೆ ಕಂಡುಹಿಡಿದ ಕ್ರಮದ ಸಂಖ್ಯೆ. ನಾಯಿ ಕ್ಯಾನಿಸ್ ಫ್ಯಾಮಿಲಿಯಾರಿಸ್, ಹಾಗಾಗಿ ಕ್ಯಾನ್ ಎಫ್ 1, ಕ್ಯಾನ್ ಎಫ್ 2 ಹೀಗೆ ಮುಂದುವರಿಯುತ್ತೆ. ಮುಖ್ಯವಾದದ್ದು ಕ್ಯಾನ್ ಎಫ್ 1. ಇದು ಲಿಪೊಕ್ಯಾಲಿನ್ ಅನ್ನೋ ಗುಂಪಿಗೆ ಸೇರಿದ್ದು, ಜೊಲ್ಲಿನಲ್ಲೂ ಹೊಟ್ಟಿನಲ್ಲೂ ಇರುತ್ತೆ. ಶಿಟ್ಜು ಆಗಲಿ, ಪೂಡಲ್ ಆಗಲಿ, ನಮ್ಮ ಬೀದಿ ನಾಯಿ ಆಗಲಿ, ಚರ್ಮ ಮತ್ತು ಬಾಯಿ ಇದ್ದ ಮೇಲೆ ಈ ಪ್ರೋಟೀನೂ ಇದ್ದೇ ಇರುತ್ತೆ. ಅಲರ್ಜಿ ಇರುವವರ ದೇಹ ಇದನ್ನ ಶತ್ರು ಅಂತ ತಪ್ಪಾಗಿ ಗುರುತಿಸಿ ಐಜಿಇ ಅನ್ನೋ ಪ್ರತಿಕಾಯ ಮಾಡಿಟ್ಟಿರುತ್ತೆ. ಮುಂದಿನ ಸಲ ಪ್ರೋಟೀನ್ ಸಿಕ್ಕ ಕೂಡಲೇ ಮಾಸ್ಟ್ ಕೋಶಗಳು ಹಿಸ್ಟಮಿನ್ ಸುರಿಸುತ್ತವೆ. ಮೂಗಲ್ಲಾದ್ರೆ ಸೀನು, ಕಣ್ಣಲ್ಲಾದ್ರೆ ತುರಿಕೆ, ಶ್ವಾಸನಾಳದಲ್ಲಾದ್ರೆ ನಮ್ಮಜ್ಜಿ ಹೇಳೋ "ದಮ್ಮು".

ಕೂದಲು ಮತ್ತು ಹೊಟ್ಟಿನ ವ್ಯತ್ಯಾಸ ಯಾಕೆ ದೊಡ್ಡದು ಅಂತ ಒಂದು ಸಣ್ಣ ಲೆಕ್ಕ ಮಾಡೋಣ. ನಾನು ಸಿವಿಲ್, ಸೆಡಿಮೆಂಟೇಷನ್ ಟ್ಯಾಂಕಲ್ಲಿ ಮಣ್ಣಿನ ಕಣ ಎಷ್ಟು ಹೊತ್ತಿಗೆ ತಳಕ್ಕೆ ಇಳಿಯುತ್ತೆ ಅಂತ ನೋಡೋಕೆ ಸ್ಟೋಕ್ಸ್ ಸೂತ್ರ ಬಳಸ್ತೀವಿ. ನೀರಿನ ಜಾಗದಲ್ಲಿ ಗಾಳಿ ಹಾಕಿ. ಕಣದ ಸಾಂದ್ರತೆ ಸುಮಾರು ನೀರಿನಷ್ಟೇ ಅಂದ್ಕೊಳ್ಳಿ, ಎತ್ತರ 1.5 ಮೀಟರ್, ಅಂದರೆ ಅಂದಾಜು ನಮ್ಮ ಮೂಗಿನ ಮಟ್ಟ. 50 ಮೈಕ್ರಾನ್ ಕಣ ಸುಮಾರು 20 ಸೆಕೆಂಡಲ್ಲಿ ನೆಲ ಸೇರುತ್ತೆ. 5 ಮೈಕ್ರಾನ್ ಕಣಕ್ಕೆ ಅರ್ಧ ಗಂಟೆ ದಾಟುತ್ತೆ. 2 ಮೈಕ್ರಾನ್ ಆದರೆ ಮೂರು ಗಂಟೆಗೂ ಹೆಚ್ಚು. ವೇಗ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರೋದ್ರಿಂದ ಹೀಗೆ. ಇದೂ ಗಾಳಿ ಅಲುಗಾಡದೆ ಇದ್ದರೆ ಮಾತ್ರ, ಫ್ಯಾನ್ ಹಾಕಿದ್ರೆ ಕಥೆ ಮುಗೀತು. ನಾಯಿಯ ಅಲರ್ಜೆನ್ ಹೊತ್ತ ಕಣಗಳಲ್ಲಿ ಒಂದು ಪಾಲು 5 ಮೈಕ್ರಾನ್‌ಗಿಂತ ಚಿಕ್ಕವು, ಅವು ಶ್ವಾಸನಾಳದ ಒಳಗಿನವರೆಗೂ ಹೋಗಬಲ್ಲವು. ನೆಲದ ಮೇಲೆ ಬಿದ್ದ ಕೂದಲನ್ನ ಪೊರಕೆಯಲ್ಲಿ ಗುಡಿಸಿ "ಮನೆ ಕ್ಲೀನ್" ಅಂದ್ಕೊಳ್ಳೋ ಹೊತ್ತಿಗೆ ನಿಜವಾದ ತೊಂದರೆ ಮೂಗಿನ ಮಟ್ಟದಲ್ಲಿ ತೇಲ್ತಿರುತ್ತೆ. ಗುಡಿಸಿದ್ದರಿಂದಲೇ ಇನ್ನಷ್ಟು ಮೇಲೆ ಎದ್ದಿರುತ್ತೆ ಕೂಡ.

ಈಗ ಮಾರುವವನ ಮಾತಿಗೆ ಬರೋಣ. ಕೂದಲು ಉದುರಿಸದ ಜಾತಿಗಳ ಮನೆಯಲ್ಲಿ ಅಲರ್ಜೆನ್ ಕಡಿಮೆ ಇರುತ್ತಾ? ಇದನ್ನ ಅಳೆದು ನೋಡಿದವರು ಇದ್ದಾರೆ. ಅಮೆರಿಕದ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯ ಸಂಶೋಧಕರು ಒಂದೊಂದೇ ನಾಯಿ ಇರುವ 173 ಮನೆಗಳಲ್ಲಿ, ಮಗು ಮಲಗುವ ಕೋಣೆಯ ನೆಲದ ಧೂಳು ತೆಗೆದು ಕ್ಯಾನ್ ಎಫ್ 1 ಎಷ್ಟಿದೆ ಅಂತ ಪರೀಕ್ಷೆ ಮಾಡಿದರು. ಫಲಿತಾಂಶ 2011ರಲ್ಲಿ ಪ್ರಕಟವಾಯ್ತು: ಹೈಪೋಅಲರ್ಜೆನಿಕ್ ಅನ್ನಿಸಿಕೊಂಡ ನಾಯಿಗಳ ಮನೆಗೂ ಉಳಿದವುಗಳ ಮನೆಗೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಮರುವರ್ಷ ನೆದರ್ಲೆಂಡ್ಸ್‌ನಿಂದ ಇನ್ನೊಂದು ಅಧ್ಯಯನ ಬಂತು. ಅವರು ಲ್ಯಾಬ್ರಡಾರ್, ಪೂಡಲ್, ಲ್ಯಾಬ್ರಡೂಡಲ್ ಮುಂತಾದ ನಾಯಿಗಳ ಮೈಕೂದಲನ್ನೇ ಕತ್ತರಿಸಿ ನೋಡಿದರು. ಅಲ್ಲಿ ಸಿಕ್ಕಿದ್ದು ಉಲ್ಟಾ. "ಸೇಫ್" ಜಾತಿಗಳ ಕೂದಲಿನಲ್ಲೇ ಕ್ಯಾನ್ ಎಫ್ 1 ಹೆಚ್ಚು! ಕೂದಲು ಉದುರದಿದ್ದರೆ ಹೊಟ್ಟು ಅಲ್ಲೇ ಸಿಕ್ಕಿಹಾಕಿಕೊಂಡು ಕೂರುತ್ತೆ ಅಂತ ನನಗನ್ನಿಸುತ್ತೆ. ನ್ಯಾಯವಾಗಿ ಹೇಳಬೇಕು ಅಂದ್ರೆ ಲ್ಯಾಬ್ರಡೂಡಲ್ ಮನೆಗಳ ನೆಲದ ಧೂಳಲ್ಲಿ ಸ್ವಲ್ಪ ಕಡಿಮೆ ಇತ್ತು. ಆದರೆ ಗಾಳಿಯಲ್ಲಿ ವ್ಯತ್ಯಾಸ ಇರಲಿಲ್ಲ. ನಾವು ಉಸಿರಾಡೋದು ನೆಲವನ್ನಲ್ಲ.

ಆ ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗ ಅನ್ನಿಸಿದ ಮಾತು ಬೇರೆ. ಒಂದು ಜಾತಿಗೂ ಇನ್ನೊಂದು ಜಾತಿಗೂ ಇರೋ ವ್ಯತ್ಯಾಸಕ್ಕಿಂತ, ಒಂದೇ ಜಾತಿಯ ಎರಡು ನಾಯಿಗಳ ನಡುವಿನ ವ್ಯತ್ಯಾಸ ದೊಡ್ಡದಿತ್ತು. ಅಂದರೆ "ಯಾವ ಜಾತಿ?" ಅನ್ನೋ ಪ್ರಶ್ನೆಯೇ ಸರಿ ಇಲ್ಲ. "ಯಾವ ನಾಯಿ?" ಅಂತ ಕೇಳಬೇಕು.

ಲ್ಯಾಬ್ರಡೂಡಲ್ ಹುಟ್ಟಿದ ಕಥೆಯೇ ಇದಕ್ಕೆ ಸಾಕ್ಷಿ. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಮಾರ್ಗದರ್ಶಿ ನಾಯಿಗಳ ಸಂಸ್ಥೆಯಲ್ಲಿ ವಾಲಿ ಕಾನ್ರನ್ ಅನ್ನೋರು ಕೆಲಸ ಮಾಡ್ತಿದ್ದರು. ಹವಾಯಿಯ ಒಬ್ಬ ಅಂಧ ಮಹಿಳೆಗೆ ನಾಯಿ ಬೇಕು, ಆದರೆ ಆಕೆಯ ಗಂಡನಿಗೆ ನಾಯಿ ಅಲರ್ಜಿ. ಕಾನ್ರನ್ ಲ್ಯಾಬ್ರಡಾರ್ ಮತ್ತು ದೊಡ್ಡ ಪೂಡಲ್ ಕೂಡಿಸಿ ಮೂರು ಮರಿ ಪಡೆದು, ಅವುಗಳ ಕೂದಲು ಮತ್ತು ಜೊಲ್ಲಿನ ಸ್ಯಾಂಪಲ್ ಹವಾಯಿಗೆ ಕಳಿಸಿದರು. ಮೂರರಲ್ಲಿ ಒಂದು ಮಾತ್ರ ಆ ವ್ಯಕ್ತಿಗೆ ಆಗಿಬಂತು. ಅದೇ ತಾಯಿ, ಅದೇ ತಂದೆ, ಮೂರಕ್ಕೆ ಒಂದು. ಆಮೇಲೆ ಆ ಮಿಶ್ರತಳಿಗೆ ಇಟ್ಟ ಹೆಸರು ಜಗತ್ತೆಲ್ಲಾ ಓಡಿತು, ಸ್ಯಾಂಪಲ್ ಕಳಿಸಿ ನೋಡಿದ ವಿಷಯ ಮಾತ್ರ ಯಾರಿಗೂ ನೆನಪಿರಲಿಲ್ಲ. ಸಿಕ್ಕಸಿಕ್ಕವರು ದುಡ್ಡಿಗಾಗಿ ತಳಿ ಮಾಡೋಕೆ ಶುರು ಮಾಡಿದ್ದನ್ನ ನೋಡಿ ಕಾನ್ರನ್ ಅವರೇ ಮುಂದೆ ಪಶ್ಚಾತ್ತಾಪ ಪಟ್ಟರು. 2009ರಲ್ಲಿ ಒಬಾಮಾ ಮನೆಗೆ ಬಂದ ಬೋ ಅನ್ನೋ ಪೋರ್ಚುಗೀಸ್ ವಾಟರ್ ಡಾಗ್ ಕೂಡ ಮಗಳ ಅಲರ್ಜಿ ಕಾರಣಕ್ಕೇ ಆಯ್ಕೆಯಾದದ್ದು, ಆಮೇಲೆ ಅದರದ್ದೂ ಫ್ಯಾಷನ್ ಆಯ್ತು. ಹೈಪೋಅಲರ್ಜೆನಿಕ್ ಅನ್ನೋ ಪದ ಸೌಂದರ್ಯ ಸಾಧನಗಳ ಜಾಹೀರಾತಿನಲ್ಲಿ ಬಳಸಿ ಬಳಸಿ ಬೆಳೆದದ್ದು. "ಹೈಪೋ" ಅಂದರೆ ಕಡಿಮೆ ಅಂತ, ಇಲ್ಲವೇ ಇಲ್ಲ ಅಂತ ಅಲ್ಲ.

ಹಾಗಾದ್ರೆ ಚಿಕ್ಕ ನಾಯಿ? ಹೊಟ್ಟು ಉದುರೋದು ಚರ್ಮದಿಂದ, ಚರ್ಮದ ವಿಸ್ತೀರ್ಣ ತೂಕದ ಮೂರನೇ ಎರಡು ಘಾತಕ್ಕೆ ಅನುಪಾತದಲ್ಲಿರುತ್ತೆ. 20 ಕೆಜಿಯ ಕರಿಯನಿಗೆ 5 ಕೆಜಿಯ ಶಿಟ್ಜುಗಿಂತ ಸುಮಾರು ಎರಡೂವರೆ ಪಟ್ಟು ಚರ್ಮ. ಕಾಗದದ ಮೇಲೆ ಶಿಟ್ಜು ಗೆದ್ದಂಗೆ. ಆದರೆ ಶಿಟ್ಜು ಮಲಗೋದು ಎಲ್ಲಿ? ದಿಂಬಿನ ಮೇಲೆ. ಕರಿಯನಂಥ ನಾಯಿಯನ್ನ ಜಗಲಿಯಲ್ಲಿ ಮಲಗಿಸಿದರೆ ಯಾರೂ ಏನೂ ಅನ್ನಲ್ಲ. ಮೂಗಿಗೂ ನಾಯಿಗೂ ಇರೋ ದೂರವನ್ನ ಲೆಕ್ಕಕ್ಕೆ ತಗೊಂಡ್ರೆ ಆ ಎರಡೂವರೆ ಪಟ್ಟು ಎಲ್ಲೋ ಕಳೆದುಹೋಗುತ್ತೆ. ಅಲ್ಲದೆ ಶಿಟ್ಜು ಟಿಬೆಟ್ ಕಡೆಯ, ಚಪ್ಪಟೆ ಮೂತಿಯ ನಾಯಿ. ಏಪ್ರಿಲ್‌ನಲ್ಲಿ ನಮ್ಮೂರ ಬಿಸಿಲಿಗೆ ಅದಕ್ಕೇ ದಮ್ಮು ಬರುತ್ತೆ. ಉಬ್ಬಸದ ಹುಡುಗನಿಗೆ ಉಬ್ಬಸದ ನಾಯಿ!

ಗೆಳೆಯನೊಬ್ಬ "ನಮ್ಮ ಕರ್ನಾಟಕದ ಮುಧೋಳ ತಗೊಳ್ಳಿ, ಕೂದಲೇ ಇಲ್ಲ ಅನ್ನೋವಷ್ಟು ಗಿಡ್ಡ" ಅಂದ. ಮುಧೋಳದ ಬಗ್ಗೆ ನನಗೂ ಹೆಮ್ಮೆ ಇದೆ. 2005ರಲ್ಲಿ ಅಂಚೆಚೀಟಿಯಲ್ಲಿ ಬಂದ ನಾಲ್ಕು ಭಾರತೀಯ ತಳಿಗಳಲ್ಲಿ ಅದೂ ಒಂದು, ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೇ ಇದೆ, ಸೈನ್ಯಕ್ಕೂ ಮರಿಗಳು ಹೋಗಿವೆ. ನಮ್ಮ ಒಣ ಹವೆಗೆ ಚೆನ್ನಾಗಿ ಒಗ್ಗುತ್ತೆ. ಆದರೆ ಅಲರ್ಜಿ ವಿಷಯದಲ್ಲಿ ಗಿಡ್ಡ ಕೂದಲಿಗೆ ಯಾವ ರಿಯಾಯಿತಿಯೂ ಇಲ್ಲ, ಹೊಟ್ಟು ಇನ್ನೂ ಸಲೀಸಾಗಿ ಉದುರುತ್ತೆ. ಓಡೋಕೆ ಹುಟ್ಟಿದ ಬೇಟೆನಾಯಿಯನ್ನ ಮನೆಯೊಳಗೆ ಕಟ್ಟಿಹಾಕೋದು ಬೇರೆ ಪಾಪ.

ಜಾತಿಗಿಂತ ಗಂಡೋ ಹೆಣ್ಣೋ ಅನ್ನೋದು ಕೆಲವರಿಗೆ ಮುಖ್ಯ ಆಗುತ್ತೆ. ಇದು ನನಗೆ ಪೂರ್ತಿ ಹೊಸ ವಿಷಯ. ಕ್ಯಾನ್ ಎಫ್ 5 ಅನ್ನೋ ಅಲರ್ಜೆನ್ ತಯಾರಾಗೋದು ಗಂಡು ನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ, ಹೊರಗೆ ಬರೋದು ಮೂತ್ರದಲ್ಲಿ. ನಾಯಿ ಅಲರ್ಜಿ ಇರುವ ಕೆಲವರ ದೇಹ ಇದೊಂದಕ್ಕೆ ಮಾತ್ರ ತಿರುಗಿಬೀಳುತ್ತೆ. ಅಂಥವರಿಗೆ ಹೆಣ್ಣು ನಾಯಿ ಅಥವಾ ಬೀಜ ಒಡೆಸಿದ ಗಂಡು ನಾಯಿ ಆಗಿಬರುವ ಸಾಧ್ಯತೆ ಇದೆ. ನಮ್ಮ ಕ್ಯಾಂಟೀನ್ ಹಿಂದೆ ಮಲಗೋ ನಾಯಿಗಳ ಕಿವಿಯಲ್ಲಿ ಸಣ್ಣ ಕಚ್ಚು ಇದೆಯಲ್ಲ, ಅದು ಸಂತಾನಹರಣ ಆಗಿದೆ ಅನ್ನೋ ಗುರುತು. ಹಾಗಂತ ಅವನ್ನ ಅಪ್ಪಿಕೊಂಡು ನೀವೇ ಪ್ರಯೋಗ ಮಾಡಬೇಡಿ, ಯಾವ ಪ್ರೋಟೀನಿಗೆ ಅಲರ್ಜಿ ಅಂತ ರಕ್ತಪರೀಕ್ಷೆಯಲ್ಲಿ ತಿಳಿಯುತ್ತೆ.

ಪರೀಕ್ಷೆ ಅಂದಾಗ ನೆನಪಾಯ್ತು, ಅಲ್ಲೀವರೆಗೆ ನಮ್ಮ ಮನೆಯಲ್ಲಿ ಯಾರೂ ತಮ್ಮನಿಗೆ ನಿಜವಾಗಿ ನಾಯಿ ಅಲರ್ಜಿಯೇನಾ ಅಂತ ಪರೀಕ್ಷೆ ಮಾಡಿಸಿರಲೇ ಇಲ್ಲ! ಕರಿಯ ಪಕ್ಕದಲ್ಲಿದ್ದ, ಅವನೇ ಅಪರಾಧಿ. ನವೆಂಬರ್‌ನಲ್ಲಿ ದಾವಣಗೆರೆಯಲ್ಲಿ ಸ್ಕಿನ್ ಪ್ರಿಕ್ ಟೆಸ್ಟ್ ಮಾಡಿಸಿದ್ವಿ. ಮುಂಗೈ ಒಳಭಾಗದಲ್ಲಿ ಸಾಲಾಗಿ ಹನಿ ಹಾಕಿ ಒಂದೊಂದಕ್ಕೂ ಸಣ್ಣಗೆ ಚುಚ್ಚುತ್ತಾರೆ. ಒಂದು ಹನಿ ಬರೀ ಸಲೈನ್, ಅದು ಉಬ್ಬಬಾರದು. ಒಂದು ಹಿಸ್ಟಮಿನ್, ಅದು ಉಬ್ಬಲೇಬೇಕು. ಉಳಿದವು ಧೂಳುಹುಳ, ಪಾರ್ಥೇನಿಯಂ, ಜಿರಲೆ, ನಾಯಿ, ಬೆಕ್ಕು ಹೀಗೆ. 15 ನಿಮಿಷ ಬಿಟ್ಟು ಉಬ್ಬನ್ನ ಅಳೆಯುತ್ತಾರೆ, ಸಲೈನ್‌ಗಿಂತ 3 ಮಿ.ಮೀ. ದೊಡ್ಡದಿದ್ದರೆ ಪಾಸಿಟಿವ್. ಮೊದಲೇ ಹೇಳಿಬಿಡ್ತೀನಿ, ಸೆಟಿರಿಜಿನ್ ಥರದ ಮಾತ್ರೆ ತಗೊಂಡಿದ್ರೆ ಟೆಸ್ಟ್ ಕೆಡುತ್ತೆ, ಕೆಲವು ದಿನ ಮುಂಚೆಯೇ ಡಾಕ್ಟರನ್ನ ಕೇಳಿ ನಿಲ್ಲಿಸಬೇಕು. ನಾವು ಗೊತ್ತಿಲ್ಲದೆ ಒಂದು ಸಲ ಸುಮ್ಮನೆ ಹೋಗಿ ವಾಪಸ್ ಬಂದ್ವಿ.

ತಮ್ಮನ ಕೈಯಲ್ಲಿ ನಾಯಿ 4 ಮಿ.ಮೀ. ಧೂಳುಹುಳ 9 ಮಿ.ಮೀ. ಪಾರ್ಥೇನಿಯಂ 5.

ಉಬ್ಬು ದೊಡ್ಡದಿದ್ದ ಮಾತ್ರಕ್ಕೆ ಕಾಯಿಲೆಯೂ ಅಷ್ಟೇ ದೊಡ್ಡದು ಅಂತಲ್ಲ, ಟೆಸ್ಟ್ ಪಾಸಿಟಿವ್ ಬಂದೂ ಏನೂ ಆಗದೆ ಇರೋರೂ ಇದ್ದಾರೆ, ಇದನ್ನ ಡಾಕ್ಟರೇ ಹೇಳಿದರು. ಆದರೆ ಅವರು ಕೇಳಿದ ಮುಂದಿನ ಪ್ರಶ್ನೆ ನಮ್ಮನ್ನ ಸುಮ್ಮನಾಗಿಸಿತು: "ಆ ಕಂಬಳಿ ಒಗೆದು ಎಷ್ಟು ದಿನ ಆಗಿತ್ತು?" ಅಮ್ಮ ನನ್ನ ಮುಖ ನೋಡಿದರು, ನಾನು ಅಪ್ಪನ ಮುಖ ನೋಡಿದೆ. ಆ ಕಂಬಳಿ ನನ್ನ ನೆನಪಿನಲ್ಲಿ ಒಗೆದದ್ದೇ ಇಲ್ಲ. ಧೂಳುಹುಳ ಬದುಕೋದು ಇಂಥ ಕಂಬಳಿ, ಹತ್ತಿ ಹಾಸಿಗೆ, ಹಳೇ ಕೌದಿಗಳಲ್ಲೇ. ನಾಯಿಯ ಹೊಟ್ಟೂ ಶೇಖರಣೆ ಆಗೋದು ಅಲ್ಲೇ. ನಾಯಿ ಮನೆ ಬಿಟ್ಟ ಮೇಲೂ ಅದರ ಅಲರ್ಜೆನ್ ತಿಂಗಳುಗಟ್ಟಲೆ ಹಾಸಿಗೆ, ಬಟ್ಟೆಗಳಲ್ಲಿ ಉಳಿಯುತ್ತೆ. ಕರಿಯನನ್ನ ಹೊಲಕ್ಕೆ ಕಳಿಸಿದ ನಮ್ಮ ಮನೆಯಲ್ಲಿ ತಮ್ಮ ಅದೇ ಕಂಬಳಿ ಹೊದ್ದು ಮಲಗೋದನ್ನ ಮುಂದುವರಿಸಿದ್ದ, ಕರಿಯನ ವಾಸನೆ ಇದೆ ಅಂತ.

ಈಗ ಮನೆಯಲ್ಲಿ ಆಗಿರೋ ಬದಲಾವಣೆ. ಹತ್ತಿ ಹಾಸಿಗೆಗೆ ಜಿಪ್ ಇರೋ ದಪ್ಪ ಕವರ್, ವಾರಕ್ಕೊಮ್ಮೆ ಹೊದಿಕೆಗಳಿಗೆ ಬಿಸಿನೀರು, ಗುಡಿಸೋ ಬದಲು ಒದ್ದೆ ಬಟ್ಟೆಯಲ್ಲಿ ಒರೆಸೋದು. ಹೆಪಾ ಫಿಲ್ಟರ್ ಇರೋ ಏರ್ ಪ್ಯೂರಿಫೈಯರ್ ಬಗ್ಗೆ ಅಪ್ಪ ಕೇಳಿದರು. ಗಾಳಿಯಲ್ಲಿರೋ ಕಣವನ್ನ ಅದು ಚೆನ್ನಾಗಿ ಹಿಡಿಯುತ್ತೆ, ಹಾಸಿಗೆಯಲ್ಲಿರೋದನ್ನ ಹಿಡಿಯಲ್ಲ. ಟ್ಯಾಂಕ್‌ಗೆ ನೀರು ಬರ್ತಾನೇ ಇದ್ದರೆ ಬಕೆಟಲ್ಲಿ ಮೊಗೆದು ಎಷ್ಟು ಖಾಲಿ ಮಾಡ್ತೀರಿ, ಮೊದಲು ನಲ್ಲಿ ನಿಲ್ಲಿಸಬೇಕು. ಕಿಟಕಿ ತೆಗೆದಿಡೋದು ಒಳ್ಳೇದೇ. ಆದರೆ ಶೇಂಗಾ ಬಿಡಿಸೋ ಕಾಲದಲ್ಲಿ, ಪಾರ್ಥೇನಿಯಂ ಹೂ ಬಿಟ್ಟಾಗ ನಮ್ಮೂರಲ್ಲಿ ಕಿಟಕಿ ತೆಗೆದರೆ ಬೇರೆ ಅಲರ್ಜಿಗೆ ಬಾಗಿಲು ತೆರೆದ ಹಾಗೆ.

ಹೊಸ ನಾಯಿ ತರಲಿಲ್ಲ. ಇರೋ ನಾಯಿಯನ್ನೇ ಪರೀಕ್ಷೆ ಮಾಡೋಣ ಅಂತ ಡಾಕ್ಟರ ಒಪ್ಪಿಗೆ ತಗೊಂಡ್ವಿ. ಪ್ರತಿ ಭಾನುವಾರ ಸಂಜೆ ತಮ್ಮ ಹೊಲಕ್ಕೆ ಹೋಗಿ ಬಯಲಲ್ಲಿ ಕರಿಯನ ಜೊತೆ ಒಂದು ಗಂಟೆ ಇರ್ತಾನೆ. ಜೇಬಲ್ಲಿ ತುಂಬಿದ ಇನ್ಹೇಲರ್. ಮುಖ ನೆಕ್ಕಿಸಿಕೊಳ್ಳೋ ಹಾಗಿಲ್ಲ. ಬಂದ ಮೇಲೆ ಕೈಮುಖ ತೊಳೆದು ಅಂಗಿ ಬದಲಾಯಿಸಬೇಕು, ಯಾಕಂದ್ರೆ ಹೊಟ್ಟು ಬಟ್ಟೆಗೆ ಅಂಟಿಕೊಂಡೇ ಮನೆಗೆ ಬರುತ್ತೆ. ನಾಯಿ ಸಾಕದ ಮನೆಗಳಲ್ಲೂ ಶಾಲೆಗಳಲ್ಲೂ ಅಲರ್ಜೆನ್ ಸಿಗೋದು ಹೀಗೇ. ಅಜ್ಜ ವಾರಕ್ಕೆ ಎರಡು ಸಲ ಬೋರ್‌ವೆಲ್ ನೀರಲ್ಲಿ ಕರಿಯನಿಗೆ ಸ್ನಾನ ಮಾಡಿಸಬೇಕು. ಸ್ನಾನದಿಂದ ಅಲರ್ಜೆನ್ ಇಳಿಯುತ್ತೆ, ಆದರೆ ಕೆಲವೇ ದಿನದಲ್ಲಿ ಮತ್ತೆ ಏರುತ್ತೆ, ಅದಕ್ಕೇ ಎರಡು ಸಲ. "ನಾನೇ ವಾರಕ್ಕೆ ಎರಡು ಸಲ ತಲೆಗೆ ನೀರು ಹಾಕ್ಕಳಲ್ಲ, ಇದ್ಕೆ ಹಾಕ್ಬೇಕಂತೆ" ಅಂತ ಅಜ್ಜನ ಗೊಣಗಾಟ ನಡೆದೇ ಇದೆ.

ತಮ್ಮನಿಗೆ ಪೀಕ್ ಫ್ಲೋ ಮೀಟರ್ ಕೊಡಿಸಿದ್ದೀವಿ. ಜೋರಾಗಿ ಊದಿದರೆ ನಿಮಿಷಕ್ಕೆ ಎಷ್ಟು ಲೀಟರ್ ವೇಗದಲ್ಲಿ ಗಾಳಿ ಹೊರಬಂತು ಅಂತ ಮುಳ್ಳು ತೋರಿಸುತ್ತೆ, ಪ್ಲಾಸ್ಟಿಕ್ ಸಾಮಾನು, ಕರೆಂಟೂ ಬೇಡ. ಅವನ ಅತ್ಯುತ್ತಮ ಅಂಕಿ 330. ಅದರ 80 ಶೇಕಡಾ, ಅಂದರೆ 264ಕ್ಕಿಂತ ಕೆಳಗೆ ಬಂದರೆ ಎಚ್ಚರಿಕೆ. ಬೆಳಿಗ್ಗೆ ಸಂಜೆ ಊದಿ ನೋಟ್‌ಬುಕ್ಕಲ್ಲಿ ಬರೀತಾನೆ, ನಾನು ಇಲ್ಲಿ ಎಕ್ಸೆಲ್‌ಗೆ ಹಾಕ್ತೀನಿ. ಇಲ್ಲೀವರೆಗಿನ ಆರು ಭಾನುವಾರಗಳಲ್ಲಿ ಐದು ರಾತ್ರಿ 300ರ ಮೇಲೇ ಇದೆ. ಒಂದು ದಿನ ಮಾತ್ರ 250. ಆರು ಬಿಂದುಗಳಿಂದ ಗ್ರಾಫ್ ಎಳೆದು ತೀರ್ಮಾನ ಹೇಳಿದರೆ ನಮ್ಮ ಲ್ಯಾಬ್ ಮೇಡಂ ರೆಕಾರ್ಡ್ ಎಸೀತಾರೆ, ಆದ್ದರಿಂದ ಹೇಳಲ್ಲ. ಆ 250ರ ದಿನ ಏನಾಗಿತ್ತು ಅಂತ ಫೋನಲ್ಲಿ ಎರಡು ಸಲ ಕೇಳಿದೆ. "ಏನಿಲ್ಲ ಅಕ್ಕ" ಅಂದ. ಮೂರನೇ ಸಲಕ್ಕೆ, ಅಜ್ಜನ ಗುಡಿಸಲಲ್ಲಿ ಕರಿಯನ ಗೋಣಿಚೀಲದ ಮೇಲೆ ಅರ್ಧ ಗಂಟೆ ಮಲಗಿದ್ದೆ ಅಂತ ಒಪ್ಪಿಕೊಂಡ.

ಕ್ಯಾನ್ ಎಫ್ 5 ಪರೀಕ್ಷೆಗೆ ರಕ್ತ ಬೆಂಗಳೂರಿಗೆ ಕಳಿಸಬೇಕಂತೆ, ಸೆಮ್ ಪರೀಕ್ಷೆ ಮುಗಿಸಿಕೊಂಡು ಊರಿಗೆ ಹೋದಾಗ ಕರ್ಕೊಂಡು ಹೋಗ್ತೀನಿ. ಕರಿಯನಿಗೆ ಬೀಜ ಒಡೆಸೋದಾ ಬೇಡವಾ ಅನ್ನೋದು ಆ ರಿಪೋರ್ಟ್ ಬಂದ ಮೇಲೆ. ಅಜ್ಜನಿಗೆ ಈ ವಿಷಯ ಇನ್ನೂ ಹೇಳಿಲ್ಲ.